ಚಪಾತಿ ಹಾಳೆಯ ಫ್ಯೂಸು

ಹೆದರುವವರನ್ನು ಕಂಡರೆ ಎಲ್ಲರಿಗೂ ಸಸಾರ. ನಾನು ಮನೆಗೆ ಬೀಗ ಹಾಕಿದ ಮೇಲೆ ಗ್ಯಾಸ್ ಬಂದಾಗಿದೆಯೋ ಇಲ್ಲವೋ ಎಂದು ಮತ್ತೆ ಬಾಗಿಲು ತೆಗೆದು ನೋಡುವವಳು. "ನಿನ್ನ ಫ್ಯೂಸು ಭಾಳ ಲಗೂ ಹೋಗ್ತದ" ಎಂದು ನಮ್ಮ ಯಜಮಾನರು ನಗುತ್ತಾರೆ. ಅವರು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು. ಮೊಳಕೆ ಬರಲಿಲ್ಲವೆಂದು ಜಗಳಕ್ಕೆ ಬಂದವರಿಗೂ ಚಹಾ ಕುಡಿಸಿ ಕಳಿಸುವ ಗಟ್ಟಿಗರು. ಬ್ಯಾಡಗಿಯಿಂದ ಮರಳಿದ ಆ ಮಧ್ಯಾಹ್ನದವರೆಗೆ ಅವರಿಗೆ ಹೆದರಿಕೆಯೆಂದರೆ ಏನೆಂದೇ ಗೊತ್ತಿರಲಿಲ್ಲ. ನನಗಂತೂ ಇದನ್ನು ಬರೆಯುವಾಗಲೂ ಮೂಗಿನಲ್ಲಿ ಅದೇ ವಾಸನೆ.

ವರ್ಷದ ಖಾರಪುಡಿಗೆ ಮೆಣಸಿನಕಾಯಿ ತರುವುದೆಂದರೆ ನಮ್ಮ ಮನೆಯಲ್ಲಿ ಸಣ್ಣ ದಿಬ್ಬಣ. ಅತ್ತೆಯವರೇ ಬಂದು, ಕಾಯಿ ಮುರಿದು, ಮೂಸಿ, ಹೆಣ್ಣು ನೋಡಿದಂತೆ ನೋಡಿ ಒಪ್ಪಬೇಕು. ನಮ್ಮದು, ನಾದಿನಿಯದು, ಬೀಗರದು ಎಂದು ಡಿಕ್ಕಿ ತುಂಬಿ, ಉಳಿದ ಚೀಲಗಳು ಹಿಂದಿನ ಸೀಟಿಗೆ ಬಂದವು. ಎರಡೂ ಬಾಗಿಲಿಗೆ ಚೀಲ, ನಡುವೆ ಅತ್ತೆ.

ಹೊರಡುವಾಗ ಹಾರ್ನ್ ಕೂಗಲಿಲ್ಲ. ಹಾರ್ನಿಲ್ಲದೆ ನಮ್ಮ ರಸ್ತೆಗಿಳಿಯುವುದು ಬಾಯಿಲ್ಲದವನು ಸಂತೆಗೆ ಹೋದಂತೆ. ಯಜಮಾನರು ಸ್ಟೇರಿಂಗಿನ ಕೆಳಗಿನ ಡಬ್ಬಿ ತೆರೆದು ಪ್ಲಾಸ್ಟಿಕ್ಕಿನ ಸಣ್ಣ ಬಿಲ್ಲೆಯೊಂದನ್ನು ಕಿತ್ತರು. ಒಳಗಿನ ಎಳೆ ಸುಟ್ಟು ಹೋಗಿತ್ತು.

"ಮೊನ್ನೆನ ಹೊಸಾದು ಹಾಕಿದ್ದೆ. ಭಾಳ ನಾಜೂಕು ಇವು."

ನಾನು ಬಿ.ಎಸ್ಸಿ. ಓದಿದವಳು, ಸುಮ್ಮನಿರಲಾಗಲಿಲ್ಲ. "ರೀ, ಫ್ಯೂಸು ಕೆಟ್ಟಿಲ್ಲರಿ, ವೈರಿನ್ಯಾಗ ಎಲ್ಲೋ ಕೆಟ್ಟೈತಿ. ಕರೆಂಟ್ ಹೆಚ್ಚಾತಂದ್ರ ತಾ ಸುಟ್ಕೊಂಡು ಉಳದದ್ದು ಉಳಸ್ತದ. ನಾಜೂಕು ಇರೋದ ಅದರ ಕೆಲಸ."

"ಪರೀಕ್ಷಾ ಮುಗದು ಎಷ್ಟ ವರ್ಷ ಆತು, ಇನ್ನೂ ಉತ್ತರಾ ಬರ್ಯಾಕತ್ತೀಯಲ್ಲ" ಎಂದವರು, ನಾನು ಚಪಾತಿ ಸುತ್ತಿ ತಂದಿದ್ದ ಬೆಳ್ಳಿ ಬಣ್ಣದ ಹಾಳೆಯಲ್ಲಿ ಒಂದು ಚೂರು ಹರಿದು, ಸತ್ತ ಫ್ಯೂಸಿಗೆ ಬಿಗಿಯಾಗಿ ಸುತ್ತಿ, ಮತ್ತೆ ಒಳಗೆ ಒತ್ತಿದರು. ಹಾರ್ನ್ ಕೂಗಿತು. "ನೋಡು, ಇನ್ನ ಈ ಜನ್ಮದಾಗ ಹೋಗಂಗಿಲ್ಲ."

ಮೋಟೆಬೆನ್ನೂರು ದಾಟಿದ ಮೇಲೆ ಅತ್ತೆ ಕೆಮ್ಮತೊಡಗಿದರು. "ಬ್ಯಾಡಗಿ ಕಾಯಿಗೆ ಬಣ್ಣ ಇರ್ತೈತಿ, ಇಷ್ಟು ಘಾಟು ಎಲ್ಲೀದು? ಗುಂಟೂರು ಕಾಯಿ ಕಲಸ್ಯಾನ ಅಂವ."

"ನೀನ ಮೂಸಿ ತಗೊಂಡೀಯಲ್ಲ ಬೇ" ಎಂದರು ಮಗ, ತಾವೂ ಕೆಮ್ಮುತ್ತ.

"ಮ್ಯಾಲಿನ್ವು ಮೂಸೀನಿ. ಬುಡಕ್ಕ ತುಂಬ್ಯಾನ."

"ಇದು ಕಾಯಿ ಘಾಟಲ್ಲರಿ, ರಬ್ಬರ್ ಸುಟ್ಟಂಗ ಐತಿ" ಎಂದೆ.

"ಇಕೀದು ಶುರು ಆತು ನೋಡವ್ವಾ."

ತಿರುಗಿ ಹೋಗಿ ವ್ಯಾಪಾರಿಯನ್ನು ಕೇಳುವುದೋ ಬೇಡವೋ ಎಂದು ತಾಯಿ ಮಗ ಚರ್ಚಿಸುತ್ತಿದ್ದರು. ಎದುರಿನ ಟ್ರ್ಯಾಕ್ಟರಿಗೆ ಯಜಮಾನರು ಉದ್ದಕ್ಕೆ ಹಾರ್ನ್ ಒತ್ತಿದರು. ಅವರ ಮೊಣಕಾಲ ಸಂದಿಯಿಂದ ಕಪ್ಪು ಹೊಗೆ ಎದ್ದಿತು.

ಕಾರು ನಿಂತದ್ದು, ಅವರು ಜಿಗಿದು ಬಾನೆಟ್ ಎತ್ತಿ ಬ್ಯಾಟರಿಯ ವೈರಿಗೆ ಕೈ ಹಾಕಿದ್ದು ಕಂಡಿತು. ನಾನು ಹಿಂದಿನ ಬಾಗಿಲು ತೆರೆದರೆ ಅತ್ತೆ ಕಾಣಲಿಲ್ಲ, ಚೀಲ ಕಂಡಿತು. ಅದರಾಚೆಯಿಂದ ಕೆಮ್ಮು. ಎಳೆದೆ, ಬರಲಿಲ್ಲ. ಮುಂದೆ ಹೊಗೆ ದಟ್ಟವಾಗುತ್ತಿತ್ತು. ಕಾರಿಗೆ ಕಾಲು ಕೊಟ್ಟು ಮತ್ತೆ ಎಳೆದಾಗ ಚೀಲ ಹರಿದು ರಸ್ತೆ ಕೆಂಪಾಯಿತು. ಅತ್ತೆಯ ಎರಡೂ ರಟ್ಟೆ ಹಿಡಿದು ಹೊರಗೆಳೆದೆ. ಕೆಳಗಿಳಿದವರ ಮೊದಲ ಮಾತು: "ತುಳದೀಯೆ, ಕಾಯಿ ಅದಾವ."

ಯಜಮಾನರು ಬ್ಯಾಟರಿಯ ವೈರು ಕಿತ್ತು, ಹೊಗೆ ಆರಿದ ಮೇಲೆ ನೋಡಿದರೆ, ಇಲಿ ಕಡಿದ ಹಾರ್ನಿನ ವೈರು ಉದ್ದಕ್ಕೂ ಕರಗಿ, ಪಕ್ಕದ ವೈರುಗಳನ್ನೂ ಕರಗಿಸಿತ್ತು. ಡಬ್ಬಿಯೊಳಗೆ ಚಪಾತಿ ಹಾಳೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಯಜಮಾನರು ಹೇಳಿದಂತೆಯೇ ಅದು ಹೋಗಿರಲಿಲ್ಲ. ಅವರು ರಸ್ತೆಯ ಬದಿ ಕುಂತು ತಾಯಿಯ ಕಾಲು ಹಿಡಿದುಕೊಂಡಿದ್ದರು. ಬಹಳ ಹೊತ್ತು ಬಿಡಲಿಲ್ಲ.

ಈಗ ಮನೆಯಲ್ಲಿ ನನ್ನ ಮೂಗಿಗೆ ಭಾರೀ ಮರ್ಯಾದೆ. ಮೊನ್ನೆ ಹಾವೇರಿಯಿಂದ ಬರುವಾಗ "ಏನೋ ಸುಟ್ಟ ವಾಸನಿ" ಎಂದೆ. ಮಾತು ಮುಗಿಯುವುದರೊಳಗೆ ಕಾರು ನಿಂತು, ತಾಯಿ ಮಗ ಇಬ್ಬರೂ ಹೊಲದ ಬದುವಿನ ಮೇಲಿದ್ದರು. ಹುಡುಕಿದರೆ ವಾಸನೆ ನನ್ನ ಮಡಿಲಲ್ಲೇ ಇತ್ತು: ಅತ್ತೆಗೆಂದು ಕಟ್ಟಿಸಿಕೊಂಡ ಮಿರ್ಚಿ ಭಜಿ, ಒಂದಿಷ್ಟು ಕರಕಲಾಗಿತ್ತು.

"ಇಕೀಗೂ ಒಂದು ಚಪಾತಿ ಹಾಳಿ ಸುತ್ತಬೇಕು" ಎಂದರು ಅತ್ತೆ, ಸೆರಗು ಕೊಡವುತ್ತ.

"ಬ್ಯಾಡ ಬೇ" ಎಂದರು ಯಜಮಾನರು. ನಗಲಿಲ್ಲ. "ಇಕೀ ಫ್ಯೂಸು ಹೋಗೋದಿದ್ರ ಹೋಗ್ಲಿ."

ಬದುವಿನ ಮೇಲೇ ಮಿರ್ಚಿ ಹಂಚಿದೆ. ಮೊದಲು ಪ್ರತಿಯೊಂದನ್ನೂ ಮುರಿದು, ಮೂಸಿ ನೋಡಿದೆನೆನ್ನಿ.