ಬೇಡ ಅನ್ನುವ ಬಟನ್ ಎಲ್ಲಿ?

ನಗಬೇಕೋ ಅಳಬೇಕೋ ತಿಳಿಯದಂಥ ಫೋನು ವಾರಕ್ಕೆ ಒಂದಾದರೂ ನನಗೆ ಬಂದೇ ಬರುತ್ತದೆ. ಜೋಗೇಶ್ವರಿಯಲ್ಲಿ, ಡಾಕ್ಟರ ಅಪಾಯಿಂಟ್‌ಮೆಂಟ್ ಕೊಡಿಸುವ ಒಂದು ಆ್ಯಪ್‌ನ ಆಫೀಸಿನಲ್ಲಿ ನನ್ನ ಕೆಲಸ. ಕನ್ನಡದವರ ಫೋನ್ ಎತ್ತುವವಳು ನಾನೊಬ್ಬಳೇ. ಆ್ಯಪ್ ಬರೆಯುವ ಪ್ರೋಗ್ರಾಮರುಗಳು ಮೇಲಿನ ಮಹಡಿಯಲ್ಲಿ. ಜನರ ಬೈಗುಳ ಕೆಳಗೇ ನಿಲ್ಲುತ್ತದೆ, ಮೆಟ್ಟಿಲು ಹತ್ತುವುದಿಲ್ಲ.

ಅಜ್ಜನ ಸಮಯ

ವಡಾಲದಿಂದ ಒಬ್ಬ ಅಜ್ಜ ಫೋನ್ ಮಾಡಿದರು. 

"ತಂಗೀ, ಒಂದೊಂದೇ ಅಕ್ಷರ ಹುಡುಕಿ ಬರೀಲಿಕ್ಕೆ ಹತ್ತಿದ್ದೆ. ಅಷ್ಟರಾಗ 'ನಿಮ್ಮ ಸಮಯ ಮುಗಿದಿದೆ' ಅಂತ ಬಂತು. ಬರೇ ಮೊಣಕಾಲ ನೋವಿಗೆ ಇಷ್ಟು ಲಗೂ ಮುಗೀತದೇನವಾ?"

ಹಿಂದೆ ಅಜ್ಜಿ ಅಳುವುದು ಕೇಳಿಸುತ್ತಿತ್ತು. ಬರೆಯುವುದು ತಡವಾದರೆ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತದೆ, ನಿಮಗೇನೂ ಆಗಿಲ್ಲ ಎಂದು ಇಬ್ಬರಿಗೂ ಸಮಾಧಾನ ಹೇಳಿದೆ. ಮೇಲೆ ಹೋಗಿ, ವಯಸ್ಸಾದವರಿಗೆ ಸ್ವಲ್ಪ ಪುರುಸೊತ್ತು ಕೊಡಿ, ಆ ಕನ್ನಡ ವಾಕ್ಯವನ್ನಾದರೂ ತಿದ್ದಿ ಎಂದು ಬೇಡಿಕೊಂಡೆ.

ತಿದ್ದಿದರು. ಈಗ "ಕ್ಷಮಿಸಿ, ನಿಮ್ಮ ಸಮಯ ಮುಗಿದಿದೆ" ಎಂದು ಬರುತ್ತದೆ.

ಮೂಲವ್ಯಾಧಿ

ಬೆಳಗಾವಿ ಕಡೆಯ ಗೌಂಡಿ ಒಬ್ಬ, ಕುರ್ಲಾದಲ್ಲಿ ಬಿಲ್ಡಿಂಗ್ ಕೆಲಸ. ಮೂಲವ್ಯಾಧಿಗೆ ಡಾಕ್ಟರನ್ನು ಹುಡುಕಿದ್ದ. ನಮ್ಮ ಆ್ಯಪ್ ಅವನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ, "ನಿಮ್ಮ ಗೆಳೆಯ ಮೂಲವ್ಯಾಧಿಗೆ ನಮ್ಮನ್ನು ನಂಬಿದ್ದಾರೆ, ನೀವೂ ಬನ್ನಿ" ಎಂದು ಮೆಸೇಜ್ ಕಳಿಸಿಬಿಟ್ಟಿತ್ತು. ಕೆಲಸ ಹಂಚುವ ಮುಕಾದಮನಿಗೆ, ಹೆಣ್ಣು ನೋಡಿ ಬಂದಿದ್ದ ಮನೆಯವರಿಗೆ, ಎಲ್ಲರಿಗೂ.

"ಸೈಟಿನ್ಯಾಗ ನಾ ಕುಂತರ ಸಾಕು, ಎಲ್ಲಾರೂ ನಗತಾರ್ರೀ ಅಕ್ಕಾರ. ಬೀಗರು ಫೋನ್ ಎತ್ತವಲ್ಲರು."

ಸಿಟ್ಟಿನಿಂದ ಮೇಲೆ ಹೋದೆ. "ಅವನೇ ಒಪ್ಪಿದ್ದಾನಲ್ಲ?" ಎಂದ ಪ್ರೋಗ್ರಾಮರ್. ಒಪ್ಪಿಗೆ ಕೇಳುವ ಪುಟ ತೆಗೆದು ತೋರಿಸಿದ. ಅಲ್ಲಿದ್ದದ್ದು ಎರಡೇ ಬಟನ್: "ಹೌದು", "ಆಮೇಲೆ ಹೌದು".

"ಬೇಡ ಅನ್ನುವ ಬಟನ್ ಎಲ್ಲಿ?"

"ಅದನ್ನು ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ ಮೇಡಂ!"

ಬಿಟ್ಟು ಹೋದ ಕಾರಣ

ವಿಜಯಪುರದ ಹೆಂಗಸು, ಗಂಡ ತೀರಿಕೊಂಡು ತಿಂಗಳಾಗಿತ್ತು. ಆದರೆ ಗಂಡನ ಫೋನಿಗೆ ದಿನಾ ಬೆಳಿಗ್ಗೆ ನಮ್ಮ ಮೆಸೇಜ್: "ಬಹಳ ದಿನವಾಯಿತು, ಆರೋಗ್ಯವೇ?"

"ದಿನಾ ಓದಿ ದಿನಾ ಅಳತೀನಿ. ಬಂದ್ ಮಾಡವಾ ಇದನ್ನ," ಅಂದರು.

ಖಾತೆ ಮುಚ್ಚಲು ಗಿರಾಕಿಯೇ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಂತೆ. "ಅವರು ಕಣ್ಣು ಮುಚ್ಚಿದ್ದಕ್ಕೇ ಅಲ್ಲೇನವಾ ನಾ ಫೋನ್ ಮಾಡಿದ್ದು?" ಮೇಲಿನವರ ಕಾಲು ಹಿಡಿದು ಅದೊಂದನ್ನು ತೆಗೆಸಿದೆ. ಆಮೇಲೆ "ನಮ್ಮನ್ನು ಬಿಟ್ಟು ಹೋಗುತ್ತಿರುವ ಕಾರಣ?" ಎಂದು ಆ್ಯಪ್ ಕೇಳಿತು. ಕಾರಣ ಒತ್ತದೆ ಮುಂದೆ ಹೋಗುವುದಿಲ್ಲ. ಕಾರಣಗಳ ಪಟ್ಟಿಯಲ್ಲಿ ಸಾವು ಇರಲಿಲ್ಲ. ಇದ್ದವನ್ನು ಓದಿ ಹೇಳಿದೆ: ದುಬಾರಿ, ಆ್ಯಪ್ ನಿಧಾನ, ಬೇರೆ ಕಡೆ ಇದಕ್ಕಿಂತ ಒಳ್ಳೆಯದು ಸಿಕ್ಕಿದೆ.

ಮೂರನ್ನೂ ಇನ್ನೊಮ್ಮೆ ಓದಿಸಿಕೊಂಡರು. "ಕಡೀದು ಒತ್ತವಾ. ಹಂಗರ ತಿಳಕೋತೀನಿ."

ಒತ್ತಿದೆ. ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಸೋಮವಾರ ಮೀಟಿಂಗಿಗೆ ಕರೆ ಬಂತು. ಪ್ರೋಗ್ರಾಮರುಗಳ ಮುಖ್ಯಸ್ಥ ಗಾಬರಿಯಾಗಿದ್ದ. "ಹಳೇ ಗಿರಾಕಿ, ಇನ್ನೂ ಒಳ್ಳೇದು ಸಿಕ್ಕಿತು ಅಂತ ಹೋಗಿದ್ದಾರೆ. ಮಾತಾಡಿದವರು ನೀವೇ ತಾನೇ? ಎಲ್ಲಿಗೆ ಹೋದರು?"

"ಸರ್, ಅಲ್ಲಿಗೆ ಹೋದವರು ಒಬ್ಬರೂ ವಾಪಸ್ ಬಂದಿಲ್ಲ," ಅಂದೆ.

ಅವನು ತನ್ನ ಹುಡುಗರ ಕಡೆ ತಿರುಗಿದ. "ಕೇಳಿದಿರಾ? ಆ್ಯಪ್ ಮಾಡಿದರೆ ಹಾಗೆ ಮಾಡಬೇಕು!"