ಅತ್ತೆಯ ರಂಗೋಲಿ, ಮಾವನ ಕತ್ತರಿ

ನನ್ನ ಸೋದರಮಾವನಂಥ ಜಿಪುಣರನ್ನು ನೀವು ನೋಡಿರಲಾರಿರಿ. ದುಡ್ಡಿನಲ್ಲಲ್ಲ, ಗೆರೆಯಲ್ಲಿ! ಪೀಳಮೇಡಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಂ ಬರೆಯುವುದು ಅವರ ಕೆಲಸ. ಪರದೆಯ ಅಂಚು ದಾಟಿದ ಗೆರೆಯನ್ನು ಅಂಚಿನಲ್ಲೇ ಕತ್ತರಿಸಬೇಕಂತೆ. ಕಾಣದ ಭಾಗಕ್ಕಾಗಿ ಕಂಪ್ಯೂಟರ್ ಸುಮ್ಮನೆ ದುಡಿಯಬಾರದಂತೆ. ಆ ಕತ್ತರಿಯನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ?

ಮನೆಗೆ ಸುಣ್ಣ ಬಣ್ಣ ಮಾಡಿಸಿದಾಗ ಬೀರುವಿನ ಹಿಂದಿನ ಗೋಡೆಗೆ ಬಣ್ಣ ಬೇಡವೆಂದರು. ಆಮೇಲೆ ಬೀರು ಜಾಗ ಬದಲಿಸಿತು. ಹಳೇ ಬಣ್ಣದ ಬೀರುವೊಂದು ಗೋಡೆಯಲ್ಲೇ ಉಳಿಯಿತು! ಉಡುಮಲೈಪೇಟೆಯ ಮದುವೆಗೆ ಶರ್ಟಿನ ಮುಂಭಾಗಕ್ಕಷ್ಟೇ ಇಸ್ತ್ರಿ ಹಾಕಿಕೊಂಡು ಹೊರಟರು.

"ಹಿಂದೆ ಕುಂತವ್ರಿಗೂ ಕಣ್ಣು ಐತೆ" ಎಂದರು ಅತ್ತೆ.

ಇಂಥವರಿಗೆ ದೇವರು ಎಂಥ ಹೆಂಡತಿಯನ್ನು ಕೊಟ್ಟಿದ್ದ ಗೊತ್ತೆ? ಅತ್ತೆ ಮಡತ್ತುಕುಳಂ ಕಡೆಯ ಬೇಸಾಯದ ಮನೆಯವರು. ಅಲ್ಲಿಯ ಅಂಗಳದ ಅಳತೆಯಲ್ಲೇ ಇಲ್ಲಿಯ ಬೀದಿಯಲ್ಲೂ ರಂಗೋಲಿ, ಅವರ ಬಾಯಲ್ಲಿ ಕೋಲಂ, ಹಾಕುತ್ತಿದ್ದರು. ಚುಕ್ಕಿಗಳನ್ನು ಸುತ್ತಿ ಸುತ್ತಿ ಹೊರಟ ಗೆರೆ ಹೊರಟಲ್ಲಿಗೇ ಬಂದು ಸೇರಬೇಕು, ನಡುವೆ ತುಂಡಾಗಬಾರದು. ಹಾಲಿನವನ ಗಾಡಿ ಸುತ್ತಿಕೊಂಡು ಹೋಗಬೇಕಿತ್ತು. ನಮ್ಮ ಬಾಗಿಲಗಲಕ್ಕೆ ಸಾಕಲ್ಲ ಎಂದು ಮಾವ ಗೊಣಗುತ್ತಿದ್ದರು. ಅತ್ತೆ ಮಾರನೆಯ ದಿನ ಇನ್ನೊಂದು ಸಾಲು ಚುಕ್ಕಿ ಹೆಚ್ಚಿಗೆ ಇಡುತ್ತಿದ್ದರು!

ಅತ್ತೆ ಹೋದ ಮೇಲೆ ಆ ಬಾಗಿಲು ಬರಿದಾಗಿದೆ. ಸಾವಾದ ಮನೆಯ ಮುಂದೆ ವರ್ಷ ತುಂಬುವವರೆಗೆ ರಂಗೋಲಿ ಹಾಕುವ ಹಾಗಿಲ್ಲ.

ಮೊದಲು ಅತ್ತೆಯ ಬಲಗೈಗೆ ಲಕ್ವ ಹೊಡೆಯಿತು. ಎಡಗೈಗೆ ರಂಗೋಲಿ ಹಿಟ್ಟು ಒಗ್ಗಲಿಲ್ಲ. ಅವರು ಬೆಳಗಾದರೆ ಬರೀ ಅಂಗಳ ನೋಡುತ್ತಾ ಕೂತಿರುತ್ತಿದ್ದರು. ಆಗ ಮಾವ, ಲ್ಯಾಪ್‌ಟಾಪಿನ ಪರದೆಯ ಮೇಲೆ ಎಡಗೈ ಬೆರಳಾಡಿಸಿದರೆ ರಂಗೋಲಿ ಮೂಡುವ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟರು. ಪರದೆಯನ್ನು ಸರಿಸುತ್ತಾ ಹೋದರೆ ಬೀದಿಯಷ್ಟೂ ಜಾಗ! ಅತ್ತೆ ಮತ್ತೆ ನಕ್ಕರು.

ಆ ನಗು ಬಹಳ ದಿನ ಇರಲಿಲ್ಲ. ನಡುವಿನ ಹೂವನ್ನು ಹತ್ತಿರದಿಂದ ನೋಡಲು ಚಿತ್ರವನ್ನು ದೊಡ್ಡದು ಮಾಡಿದರೆ, ಅದರ ಮೇಲೆ ಹಾದುಹೋದ ಉದ್ದನೆಯ ಗೆರೆಗಳೇ ಮಾಯ. ತಾನು ಎಳೆದೆನೆಂದುಕೊಂಡದ್ದನ್ನು ಎಳೆದೇ ಇಲ್ಲ, ಕೈಯ ಹಿಂದೆ ಬುದ್ಧಿಯೂ ಹೋಗುತ್ತಿದೆ ಎಂದು ಅತ್ತೆ ನಂಬಿಬಿಟ್ಟರು.

"ನನ್ನ ಕೋಲಂ ಮುಗೀತು, ಬುಡಿ" ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಮುಟ್ಟಲಿಲ್ಲ.

ಮಾವ ಊಟ ಬಿಟ್ಟು ಹುಡುಕಿದರು. ತಪ್ಪು ಸಿಕ್ಕಿದ್ದು ಅವರ ಜಿಪುಣತನದಲ್ಲೇ! ಸುತ್ತಿ ಬರುವ ಗೆರೆಯೂ ಕಂಪ್ಯೂಟರಿಗೆ ತುಂಡು ತುಂಡು ಗೆರೆಗಳೇ ಅಂತೆ. ಒಂದರ ಎರಡು ತುದಿಯೂ ಪರದೆಯಾಚೆ ಇದ್ದರೆ ಆ ಗೆರೆ ಬೇಡವೇ ಬೇಡ ಎಂದು ಬರೆದಿದ್ದರು. ತುದಿಗಳೆರಡೂ ಆಚೆ ಇದ್ದೂ ಗೆರೆ ನಟ್ಟನಡುವೆ ಹಾದುಹೋಗಬಹುದು ಎಂಬುದು, ಅದೇ ಕೆಲಸದಲ್ಲಿ ತಲೆ ನರೆಸಿಕೊಂಡವರಿಗೆ ಹೊಳೆದಿರಲಿಲ್ಲ.

ಅದನ್ನು ಸರಿಪಡಿಸುವಷ್ಟರಲ್ಲಿ ಅತ್ತೆ ಆಸ್ಪತ್ರೆ ಸೇರಿದ್ದರು. ಮತ್ತೊಮ್ಮೆ ಲಕ್ವ ಹೊಡೆದು ಮಾತು ನಿಂತಿತ್ತು. ಮಾವ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ಹೂವನ್ನು ದೊಡ್ಡದು ಮಾಡಿ ತೋರಿಸಿದರು. ಗೆರೆಗಳೆಲ್ಲ ಇದ್ದವು. ನಾನು ಕಾಲ ಬಳಿ ನಿಂತಿದ್ದೆ.

"ನೋಡು ಕಣ್ಣು," ಮಾವ ಅತ್ತೆಯನ್ನು ಮುದ್ದಿನಿಂದ ಕರೆಯುತ್ತಿದ್ದುದೇ ಹಾಗೆ, "ನೀನು ಎಳ್ದಿದ್ದೆ. ಎಲ್ಲಾ ಸರಿಯಾಗೇ ಎಳ್ದಿದ್ದೆ. ಕತ್ತರಿಸಿದ್ದು ನಾನು."

ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಬೆರಳನ್ನು ಒಂದು ಗೆರೆಯ ಮೇಲಿಟ್ಟು ನಿಧಾನಕ್ಕೆ ಸಾಗಿದರು. ಪರದೆಯ ಅಂಚು ಬಂತು. ಬೆರಳು ನಿಲ್ಲಲಿಲ್ಲ, ಇಳಿದು ಹಾಸಿಗೆಯ ಬಟ್ಟೆಯ ಮೇಲೆ ಬಳುಕುತ್ತಾ ಹೋಯಿತು. ಮಾವ ಬಟ್ಟೆಯ ಸುಕ್ಕನ್ನು ಮುಂದೆ ಮುಂದೆ ಸವರಿಕೊಟ್ಟರು. ಮಂಚದ ಅಂಚೂ ಬಂತು. ಮಾವ ಗಡಿಬಿಡಿಯಿಂದ ನೆಲಕ್ಕೆ ಮಂಡಿಯೂರಿ, ಆ ಅಂಚಿಗೆ ತಮ್ಮ ಅಂಗೈಯನ್ನು ಬಿಡಿಸಿ ಹಿಡಿದರು.