ಕೇಳದೆ ಉಜ್ಜಿದ ಬ್ಯಾಗು

ಮೂವತ್ತೊಂದು ವರ್ಷ ಊರಿನ ಹೋಟೆಲುಗಳ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗಿ, ಪಾತ್ರೆಯ ತಳವನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಮಾಲೀಕರ ಮೂಗಿನ ಮುಂದೆ ಹಿಡಿಯುತ್ತಿದ್ದ ಆರೋಗ್ಯ ನಿರೀಕ್ಷಕರಿಗೆ, ನಿವೃತ್ತಿಯಾದ ಮೇಲೆ ತಮ್ಮ ಸ್ವಂತ ಮನೆಯಲ್ಲೇ ಒಂದು ಕೋಣೆಗೆ ಪ್ರವೇಶವಿಲ್ಲದಂತಾಯಿತು. ಅದು ಹೆಂಡತಿಯ ಕೆಲಸದ ಕೋಣೆ. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಆಕೆ ಒಂದೇ ಒಂದು ಮಾತು ಹೇಳಿದ್ದಳು: "ನೋಡೋದಾದ್ರೆ ನೋಡಿ. ಕೈ ಮಾತ್ರ ಬೆನ್ನ ಹಿಂದೆ ಕಟ್ಕೊಂಡಿರಿ."

ಆಕೆ ಹಳೆಯ ಚರ್ಮದ ಬ್ಯಾಗುಗಳಿಗೆ ಜೀವ ಕೊಡುವವಳು. ಹೆಸರಾಂತ ಕುಶಲಕರ್ಮಿಗಳು ನಲವತ್ತು ಐವತ್ತು ವರ್ಷಗಳ ಹಿಂದೆ ಕೈಯಲ್ಲೇ ಹೊಲಿದ, ಒಂದು ಕಾಲದಲ್ಲಿ ರಾಣಿಯರ ಹಾಗೆ ಮೆರೆದ ಬ್ಯಾಗುಗಳು ಬಣ್ಣಗೆಟ್ಟು, ಬಿರುಕುಬಿಟ್ಟು, ಹಿಡಿ ಕಿತ್ತು ಆಕೆಯ ಮೇಜಿಗೆ ಬರುತ್ತಿದ್ದವು. ಆಕೆ ಮೊದಲು ಒಂದು ದಿನ ಸುಮ್ಮನೆ ನೋಡುವಳು. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಒದ್ದೆ ಬಟ್ಟೆಯ ತುದಿಯನ್ನು ಅಡಿಯ ಮೂಲೆಯಲ್ಲೆಲ್ಲೋ ಒತ್ತಿ, ಚರ್ಮ ನೀರನ್ನು ಹೇಗೆ ಕುಡಿಯುತ್ತದೆಂದು ಪರೀಕ್ಷಿಸುವಳು. ಬಟಾಣಿಯಷ್ಟು ಕ್ರೀಮನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಸವರಿ, ಮರುದಿನದವರೆಗೆ ಬಿಡುವಳು. ಗಿರಾಕಿಗಳೆಲ್ಲ ಪ್ರೀತಿಯಿಂದ ಆಕೆಯನ್ನು ಬ್ಯಾಗಮ್ಮ ಎಂದು ಕರೆಯುತ್ತಿದ್ದರು. ಆ ಲೆಕ್ಕದಲ್ಲಿ ತಾವು ಬ್ಯಾಗಪ್ಪನಾಗುತ್ತೇವೆಂಬುದು ನಿರೀಕ್ಷಕರಿಗೆ ಬಹಳ ತಡವಾಗಿ ಹೊಳೆದು ಎರಡು ದಿನ ಮಂಕಾಗಿದ್ದರು.

ನಿವೃತ್ತಿಯ ನಂತರ ಅವರು ನಿಜವಾದ ಅರ್ಥದಲ್ಲಿ ನಿರೀಕ್ಷಕರಾಗಿದ್ದರು. ಬೆಳಿಗ್ಗೆ ಕಾಫಿಯ ನಿರೀಕ್ಷೆ, ಆಮೇಲೆ ಪೇಪರಿನ ನಿರೀಕ್ಷೆ, ಮಧ್ಯಾಹ್ನ ಊಟದ ನಿರೀಕ್ಷೆ. (ರಾತ್ರಿ ನಿದ್ರೆಯ ನಿರೀಕ್ಷೆ ಮಾತ್ರ ಬೇಕಿರಲಿಲ್ಲ. ಅದು ಹಗಲೇ ಮುಗಿದಿರುತ್ತಿತ್ತು.) ತಮ್ಮಿಂದಲೂ ಈ ಮನೆಗೆ ಏನಾದರೂ ಉಪಯೋಗವಾಗಬೇಕೆಂದು ಅವರ ಜೀವ ಒಳಗೊಳಗೇ ಹಾತೊರೆಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಅವರ ಜಾಯಮಾನವಲ್ಲ. "ಆ ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿಲ್ಲ" ಎಂದು ಬಾಗಿಲಲ್ಲಿ ನಿಂತು ಆಕ್ಷೇಪಿಸುವರು. ಅದಕ್ಕೆ ಅವರ ಭಾಷೆಯಲ್ಲಿ 'ನಾನೂ ಸ್ವಲ್ಪ ಸಹಾಯ ಮಾಡಲೇ' ಎಂದು ಅರ್ಥ.

ಹೀಗಿರುವಾಗ ಒಂದು ಮಂಗಳವಾರ ಪಕ್ಕದ ಬೀದಿಯ ಪಿಟೀಲು ಟೀಚರು ಒಂದು ಬ್ಯಾಗು ತಂದರು. ಜೇನಿನ ಬಣ್ಣದ ಕರುವಿನ ಚರ್ಮ, ಮುಂದೆ ಮುಚ್ಚಳ, ಹಿತ್ತಾಳೆಯ ಕೊಂಡಿ. ಇಪ್ಪತ್ತಾರು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಬೀರುವಿನ ತಲೆಯ ಮೇಲಿಟ್ಟಿದ್ದರಿಂದ ಮೈಯೆಲ್ಲ ಬೂಷ್ಟು.

"ಪ್ಲಾಸ್ಟಿಕ್ಕಲ್ಲಿ ಇಟ್ರೆ ಚರ್ಮಕ್ಕೆ ಉಸಿರು ಕಟ್ಟುತ್ತೆ ಟೀಚರ್" ಎಂದಳು ಬ್ಯಾಗಮ್ಮ.

"ಗೊತ್ತಿರಲಿಲ್ಲಮ್ಮ. ಇದು ನಂದಲ್ಲ, ನಮ್ಮಕ್ಕಂದು."

ಅಕ್ಕ ಒಂದು ಕಾಲದಲ್ಲಿ ಹೆಸರು ಮಾಡಿದ ಗಾಯಕಿ. ಕಛೇರಿಗೆಂದು ಕಡಲಾಚೆ ಹೋದಾಗ ಅಭಿಮಾನಿಗಳು ಕೊಟ್ಟ ಬ್ಯಾಗು ಅದು. ತಂಗಿ ಅದನ್ನು ಅಕ್ಕನಿಗೆ ಹೇಳದೆ ಒಂದು ಸಂಜೆಯ ಮಟ್ಟಿಗೆ ಒಯ್ದಿದ್ದರು. "ಕೇಳದೆ ಯಾಕೆ ಮುಟ್ಟಿದೆ" ಎಂದು ಅಕ್ಕ, "ಒಡಹುಟ್ಟಿದವಳು ಅರ್ಜಿ ಹಾಕ್ಬೇಕಾ" ಎಂದು ತಂಗಿ. ಮಾತಿಗೆ ಮಾತು ಬೆಳೆದು, "ಹಾಗಾದ್ರೆ ನೀನೇ ಇಟ್ಕೋ, ನಿನ್ನ ಮುಖಾನೂ ತೋರಿಸ್ಬೇಡ" ಎಂದು ಅಕ್ಕ ಬಾಗಿಲು ಹಾಕಿಕೊಂಡರು. ಇಬ್ಬರ ಮನೆಗಳ ನಡುವೆ ಬಸ್ಸಿನಲ್ಲಿ ನಾಲ್ಕೇ ನಿಲ್ದಾಣ. ಆ ನಾಲ್ಕು ನಿಲ್ದಾಣ ದಾಟಲು ಇಪ್ಪತ್ತಾರು ವರ್ಷ ಸಾಲಲಿಲ್ಲ.

"ಮುಂದಿನ ಭಾನುವಾರಕ್ಕೆ ಅವಳಿಗೆ ಎಪ್ಪತ್ತೈದು. ಅವತ್ತು ಹೇಗಿತ್ತೋ ಹಾಗೇ ಅವಳ ಕೈಗೆ ಕೊಟ್ಟುಬಿಡಬೇಕು ಅಂತ" ಎನ್ನುತ್ತ ಟೀಚರು ಸೆರಗಿನ ತುದಿಯಿಂದ ಹಿತ್ತಾಳೆಯ ಕೊಂಡಿಯನ್ನು ಒರೆಸಿದರು. ಬಾಗಿಲಲ್ಲಿ ನಿಂತಿದ್ದ ನಿರೀಕ್ಷಕರ ಮನಸ್ಸು ಕಲಕಿತು. ಮುಂದೆ ನಡೆದದ್ದಕ್ಕೆಲ್ಲ ಹೀಗೆ ಕಲಕಿದ್ದೇ ಕಾರಣ.

ಬ್ಯಾಗಮ್ಮ ಬೂಷ್ಟನ್ನು ಒಣ ಬ್ರಷ್ಷಿನಿಂದ ತೆಗೆದು, ಒಳಗೆ ತೆಳು ಕಾಗದ ತುರುಕಿ ಬ್ಯಾಗಿಗೆ ಆಕಾರ ಕೊಟ್ಟು, ಬಿಸಿಲು ತಾಗದ ಕಿಟಕಿಯ ಪಕ್ಕ ಗಾಳಿಗಿಟ್ಟಳು. ಗುರುವಾರ ಬೆಳಿಗ್ಗೆ ಬಣ್ಣದ ಸಾಮಾನು ತರಲು ಪಕ್ಕದ ಊರಿಗೆ ಹೊರಟಳು. "ಸಂಜೆ ಬರ್ತೀನಿ. ಅದು ಹಾಗೇ ಇರ್ಲಿ. ಮುಟ್ಬೇಡಿ."

"ನಾನೇನು ಮಗುನಾ?" ಎಂದರು ನಿರೀಕ್ಷಕರು.

ಹನ್ನೊಂದು ಗಂಟೆಗೆ ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬ್ಯಾಗಿನ ಮುಂದೆ ನಿಂತರು. ಮುಚ್ಚಳದ ಮೇಲೆ ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆ ಉಳಿದಿತ್ತು. ಬೂಷ್ಟು. ಮೂವತ್ತೊಂದು ವರ್ಷ ಅವರು ಸೆಣಸಿದ ಶತ್ರು, ಅವರದೇ ಮನೆಯಲ್ಲಿ ನಿರ್ಭಯವಾಗಿ ಕೂತಿದೆ. ಬೆನ್ನ ಹಿಂದಿನ ಕೈಗಳು ತಾವಾಗಿಯೇ ಬಿಚ್ಚಿಕೊಂಡವು. ಗಾಯ ತೊಳೆಯುವ ಸ್ಪಿರಿಟ್ಟು, ಹತ್ತಿ ಬಂದವು. ಚುಕ್ಕೆ ಒಂದೇ ಸಲ ಒರೆಸಿದ್ದಕ್ಕೆ ಮಾಯವಾಯಿತು. ಆದರೆ ಹತ್ತಿ ಕಂದಾಗಿತ್ತು.

'ಅಬ್ಬಾ, ಎಷ್ಟು ಕೊಳೆ' ಎಂದುಕೊಂಡು ಇನ್ನೊಂದು ಹತ್ತಿ ತೆಗೆದರು. ಅದೂ ಕಂದಾಯಿತು. ಉಜ್ಜಿದಷ್ಟೂ ಕೊಳೆ ಬಂತು. ಹೆಂಡತಿಗೆ ತೋರಿಸಲು ಹನ್ನೆರಡು ಹತ್ತಿಯುಂಡೆಗಳನ್ನು ಸಾಕ್ಷಿಗಳಂತೆ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಸ್ಪಿರಿಟ್ಟು ಆರಿದಾಗ ಮುಚ್ಚಳದ ನಡುವೆ ಅಂಗೈಯಗಲ ಬೆಳ್ಳಗೆ ಬೋಳು ಬಿದ್ದಿತ್ತು. ಬಂದದ್ದು ಕೊಳೆಯಲ್ಲ, ಬಣ್ಣ.

ಆಗಲಾದರೂ ಅವರು ಕೋಣೆಯಿಂದ ಹೊರಗೆ ಬಂದಿದ್ದರೆ ಅರ್ಧ ಮಾನ ಉಳಿಯುತ್ತಿತ್ತು. ಆದರೆ ಒಣಗಿದ ಚರ್ಮಕ್ಕೆ ಜಿಡ್ಡು ಬೇಕೆಂದು ಹೆಂಡತಿ ಹೇಳಿದ್ದು ನೆನಪಾಯಿತು. ಅಡುಗೆಮನೆಯ ಎಣ್ಣೆ ತಂದರು. ಚರ್ಮ ಗಟಗಟ ಕುಡಿಯಿತು. ಬೆಳ್ಳಗಿದ್ದ ಜಾಗ ಮೊದಲು ಜೇನಿನ ಬಣ್ಣಕ್ಕೆ ಬಂತು. ಅವರ ಮುಖ ಅರಳಿತು. ಆಮೇಲೆ ಕಂದಾಯಿತು, ಆಮೇಲೆ ಸುಟ್ಟಂತೆ ಕಪ್ಪಾಯಿತು, ಕಪ್ಪಾಗಿ ಅಲ್ಲೇ ನಿಂತಿತು.

ಸಂಜೆ ಬ್ಯಾಗಮ್ಮ ಬಂದು ನೋಡಿದಳು. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಬ್ಯಾಗನ್ನು ಮೂಗಿನ ಹತ್ತಿರ ಹಿಡಿದಳು.

"ಇದು ಅಡುಗೆ ಎಣ್ಣೆನಾ?"

"ಹೊಸ ಪ್ಯಾಕೆಟ್ಟು" ಎಂದರು ಅವರು ಮೆಲ್ಲಗೆ. "ಈಗಷ್ಟೇ ಒಡೆದದ್ದು."

ಆಕೆ ಕಪ್ಪು ಕಲೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು. "ಎಣ್ಣೆ ಹೀರಿಸೋಕೇ ಹದಿನೈದು ದಿನ ಬೇಕು. ಆಮೇಲೆ ಬಣ್ಣ. ಭಾನುವಾರಕ್ಕೆ ಆಗೋ ಮಾತಲ್ಲ" ಎಂದು, ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟಳು. "ಟೀಚರ್‌ಗೆ ನೀವೇ ಹೇಳ್ಬೇಕು."

ಯಾರ ಮನೆಗೆ ಹೋದರೂ ತಲೆಯೆತ್ತಿ ಹೋಗಿ ಅಭ್ಯಾಸವಿದ್ದ ಮನುಷ್ಯ ಮರುದಿನ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಪಿಟೀಲು ಟೀಚರ ಮನೆಯ ಮೆಟ್ಟಿಲು ಹತ್ತಿದರು. ಹೇಳಬೇಕಾದ್ದನ್ನು ನಿಂತೇ ಹೇಳಿದರು. ಚುಕ್ಕೆ, ಸ್ಪಿರಿಟ್ಟು, ಎಣ್ಣೆ, ಯಾವುದನ್ನೂ ಮುಚ್ಚಿಡಲಿಲ್ಲ. ಟೀಚರು ಗಂಟು ಬಿಚ್ಚಿ ಕಪ್ಪು ಕಲೆಯ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಿ. ನಮ್ಮ ಹಣೇಲಿ ಬರೆದಿಲ್ಲ ಅಷ್ಟೆ. ಇನ್ನು ನಾನು ಅವಳ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ತಣ್ಣನೆಯ ಮಾತನ್ನು ನಿರೀಕ್ಷಕರಿಗೆ ತಡೆಯಲಾಗಲಿಲ್ಲ. "ನನ್ನ ಮುಖ ಇಟ್ಕೊಂಡು ಬನ್ನಿ ಟೀಚರ್" ಎಂದುಬಿಟ್ಟರು. "ಭಾನುವಾರ ನಾನೂ ಬರ್ತೀನಿ. ತಪ್ಪು ನಂದು, ನಾನೇ ಹೇಳ್ತೀನಿ. ನೀವು ಹಿಂದೆ ನಿಂತ್ಕೊಂಡ್ರೆ ಸಾಕು."

ಭಾನುವಾರ ಇಬ್ಬರೂ ಬ್ಯಾಗು ಹಿಡಿದು ಬಸ್ಸಿನಲ್ಲಿ ಆ ನಾಲ್ಕು ನಿಲ್ದಾಣ ದಾಟಿದರು. ಬಾಗಿಲು ತೆರೆದದ್ದು ಅಕ್ಕನೇ. ನೆಟ್ಟಗಿನ ಮೈ, ಬೆಳ್ಳಗಿನ ಕೂದಲು. ತಂಗಿಯನ್ನು ನೋಡಿ ಅವರ ಕೈ ಚಿಲಕದ ಮೇಲೆ ಬಿಗಿಯಾಯಿತು. ಇನ್ನೊಂದು ಗಳಿಗೆ ಬಿಟ್ಟರೆ ಬಾಗಿಲು ಮುಚ್ಚಿಬಿಡುತ್ತದೆಂದು ಹೆದರಿ ನಿರೀಕ್ಷಕರು ನಡುವೆ ನುಗ್ಗಿ, ಉಸಿರು ಬಿಡದೆ ತಪ್ಪೊಪ್ಪಿಗೆಯನ್ನು ಒಪ್ಪಿಸಿದರು. ಅಕ್ಕ ಬ್ಯಾಗನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಕಪ್ಪು ಕಲೆಯನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ತಂಗಿಯ ಜೊತೆ ಮಾತಾಡಿದರು.

"ಈ ಮನುಷ್ಯನ ಕೈಗೆ ಯಾಕೆ ಕೊಟ್ಟೆ?"

"ನಾನು ಕೊಡಲಿಲ್ಲ ಅಕ್ಕ. ಇವರ ಹೆಂಡ್ತಿ ಕೈಗೆ ಕೊಟ್ಟಿದ್ದೆ. ಇವರು ತಾವಾಗೇ..."

"ಕೇಳದೇನಾ?"

"ಕೇಳದೇನೇ" ಎಂದ ಟೀಚರು ತಲೆ ತಗ್ಗಿಸಿದರು.

ಅಕ್ಕ ಸ್ವಲ್ಪ ಹೊತ್ತು ತಂಗಿಯ ನೆರೆತ ಬೈತಲೆಯನ್ನೇ ನೋಡುತ್ತ ನಿಂತರು. "ನೀನಾದ್ರೆ ಒಂದು ಸಂಜೆ ಹಿಡ್ಕೊಂಡು ಹೋಗಿದ್ದೆ, ಅಷ್ಟೆ. ಉಜ್ಜಿರಲಿಲ್ಲ" ಎಂದರು. ಬಾಗಿಲನ್ನು ಪೂರ್ತಿ ತೆರೆದರು. "ಒಳಗೆ ಬಾ. ಎಷ್ಟು ಇಳಿದುಹೋಗಿದೀಯ."

ತಂಗಿ ಒಳಗೆ ಹೋದರು. ಕೆಲಸ ಮುಗಿಯಿತೆಂದು ನಿರೀಕ್ಷಕರು ಸದ್ದಿಲ್ಲದೆ ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಕಂಚಿನ ಕಂಠ ಕೇಳಿಸಿತು. "ನೀವೆಲ್ಲಿಗೆ? ಬನ್ನಿ ಇಲ್ಲಿ."

ಮುಂದಿನ ಎರಡು ಗಂಟೆ ಅವರು ಒಂದು ಸ್ಟೂಲಿನ ಮೇಲೆ ಕೂತು ಬೈಸಿಕೊಂಡರು. ಅದೊಂದು ತುಂಬು ಕಛೇರಿ. ಅಕ್ಕ ಒಂದು ಮಾತು ಎತ್ತಿಕೊಂಡರೆ ತಂಗಿ ಅದನ್ನೇ ಪಕ್ಕವಾದ್ಯದಂತೆ ಹಿಂಬಾಲಿಸಿ, ಇನ್ನೂ ಒಂದು ಸುತ್ತು ಬೆಳೆಸಿ ಅಕ್ಕನಿಗೊಪ್ಪಿಸುವರು. "ಓದಿದ ಮನುಷ್ಯ" ಎಂದು ಅಕ್ಕ. "ಸರ್ಕಾರಿ ಕೆಲಸದಲ್ಲಿ ಬೇರೆ ಇದ್ದವರು" ಎಂದು ತಂಗಿ. "ಚರ್ಮಕ್ಕೆ ಯಾರಾದ್ರೂ ಅಡುಗೆ ಎಣ್ಣೆ ಹಾಕ್ತಾರಾ?" "ಹೊಸ ಪ್ಯಾಕೆಟ್ಟಂತೆ ಅಕ್ಕ." ನಡುನಡುವೆ ಇಬ್ಬರೂ ಕಣ್ಣೊರೆಸಿಕೊಂಡರು. ನಗುವಿಗೋ ಅಳುವಿಗೋ ತಿಳಿಯಲಿಲ್ಲ, ಕೇಳುವ ಅಧಿಕಾರ ನಿರೀಕ್ಷಕರಿಗಿರಲಿಲ್ಲ.

ಬ್ಯಾಗು ಮತ್ತೆ ಬ್ಯಾಗಮ್ಮನ ಮೇಜಿಗೆ ಬಂತು. ಆಕೆ ಕಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಅದು ಎಣ್ಣೆ ಹೀರಿದ ಮೇಲೆ ಬ್ರಷ್ಷಿನಿಂದ ತೆಗೆದು, ಮತ್ತೆ ಉದುರಿಸಿದಳು. ಹದಿನೆಂಟು ದಿನ ಹೀಗೇ ನಡೆಯಿತು. ಆಮೇಲೆ ಹಳದಿಗೆ ಕಂದು ಬೆರೆಸಿ, ಕೆಂಪನ್ನು ಸೂಜಿಮೊನೆಯಷ್ಟು ಮುಟ್ಟಿಸಿ, ಸ್ಪಂಜಿನಿಂದ ಒಂದೊಂದೇ ತೆಳು ಪದರ ಹಚ್ಚಿದಳು. ನಿರೀಕ್ಷಕರು ಕಿಟಕಿಯಾಚೆ ನಿಂತು, ಕೈ ಕಟ್ಟಿಕೊಂಡು ನೋಡುತ್ತಿದ್ದರು.

ಪ್ರತಿ ಶನಿವಾರ ನಾಲ್ಕು ಗಂಟೆಗೆ ಅಕ್ಕತಂಗಿಯರು ಕೈಕೈ ಹಿಡಿದುಕೊಂಡು ಬ್ಯಾಗು ನೋಡಲು ಬರುತ್ತಿದ್ದರು. ಬ್ಯಾಗನ್ನು ಐದು ನಿಮಿಷ ನೋಡುವರು. ಉಳಿದ ಒಂದೂವರೆ ಗಂಟೆ ನಿರೀಕ್ಷಕರನ್ನು ಬೈಯುವರು. ವಾರವಿಡೀ ಫೋನಿನಲ್ಲಿ ಇಬ್ಬರೂ ಚರ್ಚಿಸಿಕೊಂಡು ಹೊಸ ಹೊಸ ಮಾತು ಹೊಂದಿಸಿಕೊಂಡು ಬರುತ್ತಾರೆಂದು ಅವರಿಗೆ ಬಲವಾದ ಅನುಮಾನವಿತ್ತು.

ಎಂಟನೆಯ ಶನಿವಾರ ಮೂರೂವರೆಗೆ ಅವರು ಕೋಣೆಯ ಹೊಸ್ತಿಲಲ್ಲಿ ನಿಂತು ನೋಡಿದರೆ, ಮೇಜಿನ ಮೇಲೆ ಜೇನಿನ ಬಣ್ಣದ ಬ್ಯಾಗು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಕಲೆ ಎಲ್ಲಿತ್ತೆಂದು ಅದನ್ನು ಮಾಡಿದವರಿಗೇ ಗುರುತು ಸಿಗದು.

"ಮುಗೀತಾ?" ಎಂದರು ಅವರು, ಜೈಲಿನಿಂದ ಬಿಡುಗಡೆಯಾದವರಂತೆ.

"ಮುಗಿದು ಎರಡು ವಾರ ಆಯ್ತು. ಬಣ್ಣ ಆರ್ತಿದೆ, ತೆರೆಯೋ ಹಾಗಿಲ್ಲ ಅಂತ ಎಲ್ಲರಿಗೂ ಹೇಳಿ ಮುಚ್ಚಿಟ್ಟಿದ್ದೆ" ಎಂದಳು ಬ್ಯಾಗಮ್ಮ, ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸುತ್ತ.

"ಎರಡು ವಾರ? ಮತ್ತೆ ಯಾಕೆ ಕೊಡಲಿಲ್ಲ?"

"ಕೊಟ್ರೆ ಶನಿವಾರ ಎಲ್ಲಿ ಸೇರ್ತಾರೆ ಅವರು?"

"ಅವರವರ ಮನೇಲಿ ಸೇರ್ಲಿ."

"ಅಲ್ಲಿ ಬೈಯೋಕೆ ಯಾರಿದಾರೆ? ಇಬ್ಬರೇ ಇದ್ರೆ ಒಬ್ಬರನ್ನೊಬ್ಬರು ಬೈಕೋತಾರೆ. ಇಪ್ಪತ್ತಾರು ವರ್ಷದ್ದು ಒಳಗೆ ಹಾಗೇ ಇದೆ. ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರ್ಲಿ."

ಹೊರಗೆ ಗೇಟು ಕಿರುಗುಟ್ಟಿತು; ಇಬ್ಬರು ಮುದುಕಿಯರು ಏನೋ ಹೇಳಿಕೊಂಡು ನಗುತ್ತ ಬರುವುದು ಕೇಳಿಸಿತು. ನಿರೀಕ್ಷಕರು ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಇನ್ನೂ ಎಷ್ಟು ವಾರ ಬೇಕಾಗಬಹುದು?"

"ನೋಡೋಣ" ಎಂದಳು ಆಕೆ ಬಾಗಿಲ ಕಡೆ ನಡೆಯುತ್ತ. "ಚರ್ಮ ದಪ್ಪಗಿದೆ, ತಡೆಯುತ್ತೆ."

ಯಾವ ಚರ್ಮ ಎಂದು ಆಕೆ ಹೇಳಲಿಲ್ಲ. ಅವರೂ ಕೇಳಲಿಲ್ಲ.